ರೋಮನ್ ಸೈನಿಕನ ಬಾಚಣಿಗೆಯಲ್ಲಿ ಸಿಕ್ಕ ಹೇನು

"ಅಪ್ಪಾ, ಕಟ್ ಇಟ್ ಆಲ್ ಆಫ್!"

ಸ್ಕೂಲ್ ಬ್ಯಾಗ್ ಕೆಳಗಿಡುವ ಮೊದಲೇ ಎಂಟು ವರ್ಷದ ಮಗಳು ಮಾನಸಿ ತನ್ನ ಉದ್ದ ಜಡೆಯನ್ನು ನನ್ನ ಕೈಗೆ ತುರುಕಿದಳು. ಕಣ್ಣು ಕೆಂಪಾಗಿತ್ತು.

ನಾವು ಮೆಲ್ಬರ್ನ್‌ಗೆ ಬರುವ ಮೊದಲಿನ ಮಾತಿದು, ೨೦೦೮ರ ಸುಮಾರು. ಆಗ ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿದ್ದೆವು.

ಕ್ಲಾಸಿನಲ್ಲಿ ಯಾರಿಗೋ ತಲೆಹೇನು ಆಗಿದೆ ಎಂದು ಸ್ಕೂಲಿನಿಂದ ನೋಟಿಸ್ ಬಂದಿತ್ತು. ಯಾರ ತಲೆಯಿಂದ ಬಂತು ಎಂಬುದನ್ನು ಮಕ್ಕಳೇ ತೀರ್ಮಾನಿಸಿಬಿಟ್ಟಿದ್ದರು. ಉದ್ದ ಕೂದಲು, ಎಣ್ಣೆ ಹಚ್ಚಿದ ಜಡೆ... ಇನ್ಯಾರು?

ಅವಳ ತಲೆಯಲ್ಲೂ ಹೇನು ಇದ್ದದ್ದು ನಿಜ. ಹೆಂಡತಿ ಕವಿತಾ ಸಿಡ್ನಿಯದೇ ಲಿವರ್‌ಪೂಲ್ ಎಂಬಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಅವಳಿಗೆ ಸಂಜೆ ಶಿಫ್ಟ್ ಇದ್ದಾಗ ಮಗಳ ತಲೆ ನನ್ನ ಪಾಲು. ಮೈಸೂರಿನಿಂದ ತಂದ ಮರದ ಸೀರಣಿಗೆ ಹಿಡಿದು ಹೇನು, ಸೀರು ಎಲ್ಲವನ್ನೂ ತೆಗೆಯುತ್ತಿದ್ದೆ. ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು ನಾನು, ಈ ಕೆಲಸವೂ ಚೆನ್ನಾಗಿ ಒಗ್ಗಿತ್ತು.

"ಒಂದು ವಾರ ತಡಿ ಪುಟ್ಟಾ. ಆಮೇಲೂ ಬೇಕು ಅಂದ್ರೆ ನಾನೇ ಕಟ್ ಮಾಡಿಸ್ತೀನಿ," ಎಂದೆ.

ಮರುದಿನ ಅವಳ ಕ್ಲಾಸಿನವರಿಗೆ ಮ್ಯೂಸಿಯಂ ಎಕ್ಸ್‌ಕರ್ಷನ್. ನಾನು ರಜೆ ಹಾಕಿ ಪೇರೆಂಟ್ ಹೆಲ್ಪರ್ ಆಗಿ ಹೋಗಿದ್ದೆ.

ಬಸ್ಸಿನಲ್ಲಿ ಮಾನಸಿ ಕೂತ ತಕ್ಷಣ, ಅವಳ ಬೆಸ್ಟ್ ಫ್ರೆಂಡ್ ಕ್ಲೋಯಿ ಎದ್ದು ಹಿಂದಿನ ಸೀಟಿಗೆ ಹೋದಳು. ಅದನ್ನು ನಾನು ಕಣ್ಣಾರೆ ಕಂಡೆ. ಎಂಟು ವರ್ಷದ ಮಗುವಿನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅಂತಾರೆ... ನನಗಂತೂ ಬಂತು.

ಮ್ಯೂಸಿಯಂನಲ್ಲಿ ಇಂಗ್ಲೆಂಡಿನ ಒಂದು ರೋಮನ್ ಗಡಿ ಕೋಟೆಯ ವಸ್ತುಗಳನ್ನು ತಂದು ಇಟ್ಟಿದ್ದರು. ಗಾಳಿಯಾಡದ ಹಸಿ ಮಣ್ಣಿನಲ್ಲಿ ಹೂತಿದ್ದರಿಂದ ಚರ್ಮ, ಮರ ಯಾವುದೂ ಕೊಳೆತಿರಲಿಲ್ಲ. ಸೈನಿಕರ ಬೂಟು, ಪುಟ್ಟ ಮಗುವೊಂದರ ಚಪ್ಪಲಿ, ಮರದ ಚಮಚ.

ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತುಬಿಟ್ಟೆ.

ಅದೇ ಸೀರಣಿಗೆ! ಒಂದು ಕಡೆ ದಪ್ಪ ಹಲ್ಲು, ಇನ್ನೊಂದು ಕಡೆ ಸಣ್ಣ ಹಲ್ಲು. ಎರಡು ಸಾವಿರ ವರ್ಷಕ್ಕೆ ಸ್ವಲ್ಪ ಕಮ್ಮಿ ವಯಸ್ಸು. ಕೆಳಗಿನ ವಿವರ ಓದಿದವನಿಗೆ ಏನು ಮಾಡಬೇಕೆಂದು ಗೊತ್ತಾಗಿ ಹೋಯಿತು.

ಟೀಚರ್ ಮಕ್ಕಳನ್ನು ಮುಂದಕ್ಕೆ ಹೊರಡಿಸುತ್ತಿದ್ದರು. ನಾನು ಗೈಡ್ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಕೇಳಿದೆ, "ಈ ಬಾಚಣಿಗೆಯ ಹಲ್ಲಿನ ಮಧ್ಯೆ ಏನು ಸಿಕ್ಕಿತು, ಹೇಳ್ತೀರಾ?"

ಮಾನಸಿ ನನ್ನ ಶರ್ಟ್ ಎಳೆದಳು. "ಅಪ್ಪಾ, ಪ್ಲೀಸ್ ಡೋಂಟ್."

ಆ ವಯಸ್ಸಾದ ಗೈಡ್ ಮುಖ ಅರಳಿತು. "ಹೇನು! ರೋಮನ್ ಸೈನಿಕರ ತಲೆಯ ಹೇನು!"

ಎಲ್ಲ ಮಕ್ಕಳೂ ಓಡಿ ಬಂದು ಗಾಜಿಗೆ ಮೂಗು ಒತ್ತಿದರು. "ಆದ್ರೆ ಸೈನಿಕರಿಗೆ ಶಾರ್ಟ್ ಹೇರ್ ಅಲ್ವಾ?" ಒಬ್ಬ ಹುಡುಗ ಕೇಳಿದ. ಹೇನು ಕೂದಲಿನ ಉದ್ದ ಅಳೆದು ಬರುವುದಿಲ್ಲ ಎಂದರು ಗೈಡ್.

ಆಮೇಲೆ ಕೆಲವರು ತಿರುಗಿ ಮಾನಸಿಯ ಜಡೆ ನೋಡಿದರು. ಎಡವಟ್ಟು ಮಾಡಿಬಿಟ್ಟೆನಾ?

ಮಾನಸಿ ನನ್ನ ಶರ್ಟ್ ಬಿಟ್ಟು ಮುಂದೆ ಬಂದಳು. "ಮೈ ಡ್ಯಾಡ್ ಹ್ಯಾಸ್ ಒನ್ ಜಸ್ಟ್ ಲೈಕ್ ದ್ಯಾಟ್. ಹಿ ಡಸ್ ಮೈನ್."



"ಐ ಹ್ಯಾಡ್ ದೆಮ್ ಟ್ವೈಸ್!" ಎಂದ ಶಾರ್ಟ್ ಹೇರ್ ಬಗ್ಗೆ ಕೇಳಿದ್ದ ಹುಡುಗ, ಪ್ರೈಜ್ ಬಂದವನ ಹಾಗೆ. ಇನ್ನೊಬ್ಬಳ ತಲೆಗೆ ಅವಳಮ್ಮ ಮಯೋನೀಸ್ ಮೆತ್ತಿದ್ದರಂತೆ. ಕ್ಲಾಸಿಗೆ ಕ್ಲಾಸೇ ನಗುತ್ತಿದೆ, ಟೀಚರ್ ಕೂಡ ಸುಮ್ಮನೆ ತಲೆ ಕೆರೆದುಕೊಳ್ಳುತ್ತಿದ್ದಾರೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾನಸಿ ಪಕ್ಕ ನನಗೆ ಜಾಗವೇ ಇರಲಿಲ್ಲ. ಕ್ಲೋಯಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಅವಳೇ ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದಳು, "ಅಂಕಲ್, ಕೆನ್ ಯು ಚೆಕ್ ಮೈನ್ ಟೂ?"

ಆ ಕೋಟೆಯಿಂದ ಬರೀ ಕತ್ತಿ, ಕಿರೀಟ ತಂದಿಟ್ಟಿದ್ದರೆ ಅವತ್ತು ನನ್ನ ಮಗಳಿಗೆ ಏನು ಉಪಯೋಗ ಆಗುತ್ತಿತ್ತು, ನೀವೇ ಹೇಳಿ?