ನಿಮ್ಮ ಕಡೆಯ ಸೀರೀಸು, ನೀವು ನೋಡಲೇಬೇಕು

ಆರ್‌ಪಿಸಿ ಲೇಔಟಿನ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ಆರು ಗಂಟೆಗೆ ನಾವು ಮೂವರು ಹೆಂಗಸರು ವಾಕಿಂಗ್ ಮಾಡುತ್ತಿದ್ದೆವು. ಒಬ್ಬರು ನಾವು ಬಾಡಿಗೆಗಿರುವ ಮನೆಯ ಓನರ್ ಆಂಟಿ. ಇನ್ನೊಬ್ಬರು ಬ್ಯಾಂಕಿನಲ್ಲಿ ಆಫೀಸರಾಗಿದ್ದು ನಿವೃತ್ತರಾದ, ಬೀದಿಯವರೆಲ್ಲ ಬ್ಯಾಂಕ್ ಮೇಡಂ ಎಂದೇ ಕರೆಯುವ ಹಿಂದಿನ ರಸ್ತೆಯವರು. ಮೂರನೆಯವಳು ನಾನು. ಕುರುಬರಹಳ್ಳಿಯ ಒಂದು ಶಾಲೆಯಲ್ಲಿ ಗಣಿತದ ಟೀಚರು. ಮುಧೋಳದ ಹತ್ತಿರದ ಹಳ್ಳಿಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು.

ಮೊದಮೊದಲು ನಮ್ಮ ಮಾತೆಲ್ಲ ಮಂಡಿನೋವು ಮತ್ತು ಶುಗರಿನ ಬಗ್ಗೆ ಇರುತ್ತಿತ್ತು. ಮೂವರ ಮನೆಗೂ ದೊಡ್ಡ ಟಿವಿ ಬಂದ ಮೇಲೆ ಅದು ವೆಬ್ ಸೀರೀಸಿನ ಕಡೆ ತಿರುಗಿತು. ಬ್ಯಾಂಕ್ ಮೇಡಂ ಯಾವ ಸೀರೀಸಿಗಾದರೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟುಬಿಡುತ್ತಿದ್ದರು, ಅದರ ಮೇಲೆ ಚರ್ಚೆಯಿಲ್ಲ. ಓನರ್ ಆಂಟಿಗೆ ಕಥೆ ಹೇಳದೆ ಶಿಫಾರಸು ಮಾಡಲು ಬರುವುದಿಲ್ಲ. ನೋಡಿ ನೋಡಿ ಎಂದು ಶುರುಮಾಡಿ, ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಕೊಲೆಗಾರ ಯಾರೆಂದೂ ಹೇಳಿರುತ್ತಿದ್ದರು. ನನ್ನ ಶಿಫಾರಸುಗಳನ್ನು ಇಬ್ಬರೂ ಹೂಂ ಹೂಂ ಎಂದು ಕೇಳುತ್ತಿದ್ದರು, ನೋಡುತ್ತಿರಲಿಲ್ಲ. ಅದರ ಬಗ್ಗೆ ನನಗೇನೂ ಬೇಜಾರಿರಲಿಲ್ಲ. ದಿನದ ಆ ನಲವತ್ತು ನಿಮಿಷ ನನಗೆ ಇಷ್ಟವಾಗಿತ್ತು.

ಒಂದು ಶುಕ್ರವಾರ ಓನರ್ ಆಂಟಿ ಗೇಟಿನಲ್ಲೇ ನನ್ನ ಕೈ ಹಿಡಿದುಕೊಂಡರು.

"ಟೀಚರ್, ನಿಮ್ಮ ಕಡೆಯದೇ ಒಂದು ಸೀರೀಸ್ ಬಂದಿದೆ. ನೀವು ನೋಡ್ಲೇಬೇಕು. ನಕ್ಕೂ ನಕ್ಕೂ ನಂಗೆ ಹೊಟ್ಟೆನೋವು ಬಂತು."

"ಹತ್ತಕ್ಕೆ ಎಂಟು," ಎಂದರು ಬ್ಯಾಂಕ್ ಮೇಡಂ. ಅವರು ಎಂಟು ಕೊಡುವುದು ಅಪರೂಪ. "ಆ ಭಾಷೆ ಇದ್ಯಲ್ಲ, ಅದಕ್ಕೇ ಕೊಡ್ಬೇಕು."

ನನಗೆ ನಿಜವಾಗಿಯೂ ಖುಷಿಯಾಯಿತು. ನಮ್ಮ ಮಾತಿನಲ್ಲಿ ಒಂದು ಸೀರೀಸು, ಅದೂ ಇವರು ಮೆಚ್ಚಿದ್ದು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದವಳೇ ಊಟದ ತಟ್ಟೆ ಹಿಡಿದು ಟಿವಿಯ ಮುಂದೆ ಕುಳಿತೆ. ಡಿಗ್ರಿ ಓದುತ್ತಿರುವ ಮಗಳೂ ಪಕ್ಕದಲ್ಲಿ ಕುಳಿತಳು.

ಕಥೆ ನಮ್ಮ ಜಿಲ್ಲೆಯಂಥ ಒಂದು ಊರಿನದು. ದೊಡ್ಡ ಮನೆಯ ಯಜಮಾನ ಸತ್ತಿದ್ದಾನೆ, ಕೊಂದವರು ಯಾರು ಎಂಬುದು ಪ್ರಶ್ನೆ. ಇನ್‌ಸ್ಪೆಕ್ಟರ್ ಅದೇ ಊರಲ್ಲಿ ಹುಟ್ಟಿದವನು, ಲಾಯರೂ ಡಾಕ್ಟರೂ ಅಲ್ಲಿಯವರೇ. ಮೂವರೂ ಸೊಗಸಾಗಿ ಬೆಂಗಳೂರು ಕನ್ನಡ ಮಾತಾಡುತ್ತಾರೆ. ನಮ್ಮ ಕಡೆಯ ಮಾತು ಸಿಕ್ಕಿರುವುದು ಯಾರಿಗೆಂದರೆ, ಅಡುಗೆಯವಳಿಗೆ, ಒಬ್ಬ ಕುಡುಕನಿಗೆ, ಒಬ್ಬ ರೌಡಿಗೆ ಮತ್ತು ಸತ್ತವನ ಹೆಂಡತಿಯಾದ ಮುದುಕಿಗೆ. ಒಂದೇ ಬೀದಿಯಲ್ಲಿ ಬೆಳೆದವರು, ಓದಿದವರ ನಾಲಿಗೆ ಒಂದು, ಓದದವರ ನಾಲಿಗೆ ಇನ್ನೊಂದು. ಅದಾದರೂ ಸರಿಯಾದ ಮಾತೇ ಎಂದರೆ ಅದೂ ಅಲ್ಲ. ಆ ಮುದುಕಿ ಮೂರು ವರ್ಷದ ಮೊಮ್ಮಗನಿಗೆ "ಬರ್ರೀ ಮಗನ್ರೀ, ಊಟಾ ಮಾಡ್ರೀ" ಎನ್ನುತ್ತಾಳೆ. ನಮ್ಮಲ್ಲಿ ಯಾವ ಅಜ್ಜಿಯೂ ಎದೆಗೆ ಅವಚಿಕೊಂಡ ಕೂಸಿಗೆ ಹಾಗೆ ರೀ ಹಚ್ಚಿ ಮಾತಾಡುವುದಿಲ್ಲ. ಯಾರೋ ಬೆಂಗಳೂರಿನ ಆಫೀಸಿನಲ್ಲಿ ಕುಳಿತು ಎಲ್ಲ ಮಾತಿಗೂ ಒಂದೊಂದು ರೀ ಅಂಟಿಸಿದ್ದರು.

ಇಷ್ಟಾದರೂ ನಾನು ತಡೆದುಕೊಂಡೆ. ಎರಡನೇ ಎಪಿಸೋಡಿನಲ್ಲಿ ಯಜಮಾನನ ಹೆಣ ಮನೆಗೆ ಬರುತ್ತದೆ. ಮುದುಕಿ ಹೆಣದ ಪಕ್ಕ ಕುಳಿತು ಹಾಡಿಕೊಂಡು ಅಳತೊಡಗುತ್ತಾಳೆ. ನಮ್ಮ ಕಡೆ ಹೆಂಗಸರು ಹಾಗೆಯೇ ಅಳುವುದು. ಸತ್ತವರು ಏನೇನು ಮಾಡಿದ್ದರು, ಹೇಗೆ ಬದುಕಿದ್ದರು ಎಂಬುದನ್ನೆಲ್ಲ ರಾಗವಾಗಿ ಹೇಳಿಕೊಂಡು ಅಳುತ್ತಾರೆ. ಆ ಅಳುವಿನ ಹಿಂದೆ ಅವರು ಪೀಪಿಯ ಸದ್ದು ಹಾಕಿದ್ದರು. ಇನ್‌ಸ್ಪೆಕ್ಟರ್ ಕಿವಿ ಮುಚ್ಚಿಕೊಂಡು ಕಣ್ಣು ಮೇಲೆ ಮಾಡುತ್ತಾನೆ.

ನನ್ನ ಮಗಳು ನಕ್ಕಳು.

"ಯಾಕೆ ನಗ್ತೀಯ?" ಎಂದೆ.

"ಅಮ್ಮ, ಸೇಮ್ ಅಜ್ಜಿ ಥರಾನೇ ಮಾತಾಡ್ತಾಳೆ ನೋಡು."

ನಾನು ರಿಮೋಟು ತೆಗೆದುಕೊಂಡು ಟಿವಿ ಆರಿಸಿದೆ. ಅವಳಿಗೆ ಏನಾಯಿತೆಂದೇ ತಿಳಿಯಲಿಲ್ಲ. "ಕಾಮಿಡಿ ಅಲ್ವಾ ಅಮ್ಮ ಅದು," ಎಂದಳು. 

ಶಾಲೆಗೆ ಸೇರಿದ ಮೊದಲ ವಾರ ನಾನು ಆರನೇ ಕ್ಲಾಸಿನ ಮಕ್ಕಳಿಗೆ "ಸುಮ್ನ ಕುಂದರ್ರಿ" ಎಂದಿದ್ದೆ. ಇಡೀ ಕ್ಲಾಸು ನಕ್ಕಿತ್ತು. ಮರುದಿನ ಕಾರಿಡಾರಿನಲ್ಲಿ ಅದೇ ಮಾತು ನನ್ನ ಬೆನ್ನ ಹಿಂದೆ ಕೇಳಿಸಿತು. ಮಕ್ಕಳದು ಹೋಗಲಿ, ಸ್ಟಾಫ್ ರೂಮಿನಲ್ಲಿ ಮೂವರು ಟೀಚರುಗಳು ಅದನ್ನು ಹೇಳಿಕೊಂಡು ನಗುತ್ತಿದ್ದುದನ್ನು ಬಾಗಿಲಲ್ಲಿ ನಿಂತು ಕೇಳಿದ್ದೆ. ಆ ವರ್ಷವೇ ನಾನು ಕೂತ್ಕೊಳ್ಳಿ ಎನ್ನುವುದನ್ನು ಕಲಿತೆ. ಹೋಗಾಕತ್ತೀನಿ ಎನ್ನುವುದನ್ನು ಬಿಟ್ಟು ಹೋಗ್ತಾ ಇದೀನಿ ಎಂದೆ. ಬಸ್ಸಿನಲ್ಲಿ, ಬಟ್ಟೆ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆ. ಗಂಡನೂ ನಾನೂ ಮಾತಾಡುವಾಗ ಮಾತ್ರ ನಮ್ಮದು ಹೊರಗೆ ಬರುತ್ತಿತ್ತು, ಅದೂ ಹೆಚ್ಚಾಗಿ ಜಗಳವಾದಾಗ. ಆ ಕಲಿಕೆಯನ್ನು ನಾನು ಜಾಣತನ ಎಂದೇ ತಿಳಿದಿದ್ದೆ.

ಸೋಮವಾರ ಪಾರ್ಕಿನಲ್ಲಿ ಓನರ್ ಆಂಟಿ ಕಾಯುತ್ತಿದ್ದರು. "ನೋಡಿದ್ರಾ? ಹೇಗಿತ್ತು?"

ನನಗೆ ಅನಿಸಿದ್ದನ್ನು ಹೇಳಿದೆ. ಓದಿದವರೆಲ್ಲ ಒಂದು ಥರ, ಅಡುಗೆಯವಳು ಇನ್ನೊಂದು ಥರ ಯಾಕೆ ಮಾತಾಡಬೇಕು ಎಂದು ಕೇಳಿದೆ. ಅಡುಗೆಯವಳ, ಮುದುಕಿಯ ಬಾಯಲ್ಲಿ ಹಾಕಿರುವ ಮಾತೂ ತಪ್ಪು ಎಂದು ಹೇಳಿದೆ.

"ಅಯ್ಯೋ, ಅಷ್ಟೊಂದು ಸೀರಿಯಸ್ಸಾಗಿ ತಗೊಂಡ್ರೆ ಹೇಗೆ ಟೀಚರ್," ಎಂದರು ಆಂಟಿ. "ನಂಗಂತೂ ಆ ಭಾಷೆ ಕೇಳೋಕೇ ಎಷ್ಟು ಚೆಂದ ಅನ್ಸುತ್ತೆ."

"ನೀವು ಲೆಕ್ಕದ ಟೀಚರು, ಎಲ್ಲದ್ರಲ್ಲೂ ತಪ್ಪು ಹುಡುಕ್ತೀರ," ಎಂದರು ಬ್ಯಾಂಕ್ ಮೇಡಂ. ಮರುದಿನದಿಂದ ಅವರು ನನ್ನನ್ನು ಕಂಡ ಕೂಡಲೇ ಆ ಮುದುಕಿಯ ದನಿಯಲ್ಲಿ "ಹ್ಯಾಂಗದೀರಿ ಟೀಚರ್ರೀ, ಆರಾಮ್ರೀ?" ಎನ್ನತೊಡಗಿದರು. ಮೊದಲ ದಿನ ನಾನು ನಕ್ಕೆ. ಆ ನಗುವಿಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ. ನಾಲ್ಕನೇ ದಿನ ಉತ್ತರ ಕೊಡದೆ ಮುಂದೆ ನಡೆದೆ.

ನಮ್ಮ ಬೀದಿಯ ಹೆಂಗಸರದೊಂದು ವಾಟ್ಸಾಪ್ ಗ್ರೂಪಿದೆ. ಅದರಲ್ಲಿ ಮುದುಕಿ ಅಳುವ ತುಣುಕನ್ನು ಯಾರೋ ಹಾಕಿದರು. ಕೆಳಗೆ ಸಾಲಾಗಿ ನಗುವ ಮುಖಗಳು. ಒಬ್ಬರಂತೂ ನನ್ನನ್ನೇ ಟ್ಯಾಗ್ ಮಾಡಿ, ನಿಮ್ಮ ಊರಿನವರು ಎಂದು ಬರೆದಿದ್ದರು. ನಾನು ಶಾಲೆಯ ಬಿಡುವಿನ ಪೀರಿಯಡ್ಡಿನಲ್ಲಿ ಕುಳಿತು ಉದ್ದವಾಗಿ ಒಂದು ಉತ್ತರ ಬರೆದೆ. ಬೈಯಲಿಲ್ಲ. ಗಂಡ ಸತ್ತ ಹೆಂಗಸು ಅಳುವುದು ಯಾವ ಭಾಷೆಯಲ್ಲಿ ನಗುವ ವಿಷಯವಾಗುತ್ತದೆ, ಹೇಳಿ ಎಂದಷ್ಟೇ ಕೇಳಿದೆ. ಕೈಮುಗಿದ ಎರಡು ಚಿತ್ರಗಳು ಬಂದವು. ಆಮೇಲೆ ಓನರ್ ಆಂಟಿಯ ಸಂದೇಶ: "ನಿಮ್ಮ ಅಭಿಪ್ರಾಯಕ್ಕೆ ಗೌರವ ಇದೆ ಟೀಚರ್. ಆದ್ರೆ ಎಲ್ಲರೂ ಖುಷಿಯಾಗಿ ನೋಡ್ತಿರೋದನ್ನ ಹಾಳು ಮಾಡ್ಬೇಡಿ."

ಸಂಜೆ ಅದನ್ನು ಗಂಡನಿಗೆ ತೋರಿಸಿದೆ. "ಬಿಡ ಅತ್ಲಾಗ," ಎಂದರು. "ಮನಿ ಮಾಲಕರ ಜೋಡಿ ಯಾಕ ಬೇಕು?"

ನಾನು ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಕಾಫಿಗೆ ಬನ್ನಿ, ಎರಡನೇ ಎಪಿಸೋಡು ಒಟ್ಟಿಗೆ ನೋಡೋಣ ಎಂದು ಇಬ್ಬರನ್ನೂ ಕರೆದೆ. ನಾನು ಸಮಾಧಾನವಾಗಿದ್ದೇನೆ ಎಂದುಕೊಂಡು ಇಬ್ಬರೂ ಬಂದರು. ಆಂಟಿ ಒಂದು ಡಬ್ಬಿ ಕೋಡುಬಳೆಯನ್ನೂ ತಂದಿದ್ದರು. ಮಗಳು ಕಾಫಿ ಕೊಟ್ಟು, ಎದ್ದು ಹೋಗದೆ ಊಟದ ಮೇಜಿನ ಹತ್ತಿರ ಕುಳಿತಳು.

ಹೆಣ ಬಂತು, ಪೀಪಿ ಶುರುವಾಯಿತು. ಆಂಟಿ ನಗಲು ಬಾಯಿ ತೆರೆಯುವಷ್ಟರಲ್ಲಿ ನಾನು ನಿಲ್ಲಿಸಿದೆ.

"ನಮ್ಮಪ್ಪ ತೀರ್ಕೊಂಡಾಗ ನಮ್ಮವ್ವ ಹಿಂಗ ಅತ್ತಳು," ಎಂದೆ. ಮಾತು ತಾನಾಗಿಯೇ ಊರಿನ ಕಡೆ ಹೊರಳಿತ್ತು, ನಾನು ಅದನ್ನು ತಡೆಯಲಿಲ್ಲ. "ಮುಂಜಾನಿಂದ ಮಣ್ಣ ಮಾಡೂತನಕ ಅತ್ತಳು. ಏನಂತ ಅತ್ತಳು ಗೊತ್ತೇನ್ರಿ? ನನ್ನ ಕೈ ಮುರದಾಗ ಮೂರ ತಿಂಗಳ ನೀನ ನನ್ನ ಹೆರಳ ಹಾಕಿದ್ದಿ, ಇನ್ನ ಯಾರ ಹಾಕ್ತಾರೋ ನನ್ನ ರಾಜಾ, ಅಂತ ಅತ್ತಳು. ನಮ್ಮಪ್ಪ ಹೊಲದಾಗ ದುಡಿಯೋ ಮನಷ್ಯಾ. ಮಂದಿ ಮುಂದ ಹೆಂಡ್ತಿ ಜೋಡಿ ನಾಕ ಮಾತ ಆಡಿದಾಂವಲ್ಲ. ಅಂವ ಅವ್ವನ ತಲಿ ಹಿಕ್ಕಿದ್ದು ನಾವು ಮಕ್ಕಳಿಗೇ ಗೊತ್ತಿರಲಿಲ್ಲ. ಆಕಿ ಅತ್ತಾಗನ ಗೊತ್ತಾಗಿದ್ದು."

 ಪರದೆಯ ಮೇಲೆ ಆ ನಟಿ ಬಾಯಿ ಅಗಲಿಸಿಕೊಂಡು ಹಾಗೇ ಕುಳಿತಿದ್ದಳು. 

ಮೊದಲು ಮಾತಾಡಿದವರು ಬ್ಯಾಂಕ್ ಮೇಡಂ. "ಅದೆಲ್ಲ ಸರಿ ಟೀಚರ್. ಪಾಪ, ಸೀರೀಸ್ ಮಾಡೋರಿಗೆ ಇದೆಲ್ಲ ಹೇಗೆ ಗೊತ್ತಿರುತ್ತೆ?"

"ಗೊತ್ತಿಲ್ದಿದ್ರೆ ಕೇಳ್ಬೇಕು ಮೇಡಂ. ಕೇಳದೆ ಮಾಡಿದ್ದಕ್ಕೆ ನೀವು ಎಂಟು ಕೊಟ್ರಿ."

ಅವರ ಮುಖ ಬಿಗಿಯಾಯಿತು. "ನನ್ನ ಅಭಿಪ್ರಾಯ ನಂದು," ಎಂದು ಲೋಟ ಕೆಳಗಿಟ್ಟರು.

ಓನರ್ ಆಂಟಿ ಸೆರಗಿನ ಅಂಚನ್ನು ಮಡಚುತ್ತಿದ್ದರು. "ನಾನೂ ಮಾಗಡಿ ಕಡೆಯೋಳೇ," ಎಂದರು. "ಮದುವೆಯಾಗಿ ಬಂದ ಹೊಸದ್ರಲ್ಲಿ ಬತ್ತೀನಿ, ಓಯ್ತೀನಿ ಅಂತಿದ್ದೆ. ನಮ್ಮನೆಯವರ ಅಕ್ಕ ತಂಗೀರು ನೆಂಟ್ರ ಮುಂದೆ ನನ್ನ ಕೈಲಿ ಹಾಲು ಅನ್ಸೋರು. ನಾನು ಆಲು ಅಂತಿದ್ದೆ, ಎಲ್ಲ ನಗೋರು."

ಅಷ್ಟು ಕೇಳಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿಯತೊಡಗಿತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ.

"ನಾನು ನಿಮ್ಮ ಥರ ಕೋಪ ಮಾಡ್ಕೊಳ್ಲಿಲ್ಲ ನೋಡಿ. ಆರು ತಿಂಗಳಲ್ಲಿ ತಿದ್ಕೊಂಡೆ."

ಅದನ್ನು ಅವರು ಹೆಮ್ಮೆಯಿಂದಲೇ ಹೇಳಿದರು. ಅವರಿಗಾದ ಅವಮಾನಕ್ಕೆ ನಾನು ಸಿಟ್ಟಾಗಿದ್ದೆ, ಅವರಿಗೆ ಮಾತ್ರ ಸಿಟ್ಟೇ ಇರಲಿಲ್ಲ.  ಉಳಿದ ಎಪಿಸೋಡನ್ನು ಯಾರೂ ಹಾಕು ಎನ್ನಲಿಲ್ಲ. ಐದು ನಿಮಿಷ ಕಾವೇರಿ ನೀರು ಬಾರದ ಬಗ್ಗೆ ಮಾತಾಡಿ ಇಬ್ಬರೂ ಎದ್ದರು.

ಅವರು ಹೋದ ಮೇಲೆ ಮಗಳು ಲೋಟಗಳನ್ನು ತೊಳೆಯುತ್ತ ಬೆನ್ನು ಹಾಕಿಕೊಂಡೇ ಕೇಳಿದಳು. "ಅಜ್ಜಿಗೆ ತಾತ ಜಡೆ ಹಾಕ್ತಿದ್ದಿದ್ದು ನಂಗೆ ಯಾಕೆ ಹೇಳೇ ಇಲ್ಲ?"

"ಹೇಳೋ ಪ್ರಸಂಗ ಬರ್ಲಿಲ್ಲ."

"ನೀನು ಇವತ್ತು ಮಾತಾಡಿದ್ಯಲ್ಲ, ಹಂಗೆ ನನ್ನ ಹತ್ರ ಯಾವತ್ತೂ ಮಾತಾಡೇ ಇಲ್ಲ. ನಂಗೆ ಆ ಭಾಷೆ ಅಂದ್ರೆ ಫೋನಲ್ಲಿ ಅಜ್ಜಿ, ಆಮೇಲೆ ನೀನು ಅಪ್ಪ ಜಗಳ ಆಡೋದು. ಇನ್ನು ಟೀವಿ. ಅದಕ್ಕೇ ನಗು ಬಂತು."

ಅವಳು ಆರೋಪ ಮಾಡುತ್ತಿರಲಿಲ್ಲ, ಇದ್ದದ್ದನ್ನು ಹೇಳುತ್ತಿದ್ದಳು. ವಾರವಿಡೀ ನಾನು ಸಿಟ್ಟಾಗಿದ್ದೆ, ಸೀರೀಸಿನವರ ಮೇಲೆ, ಅಂಕ ಕೊಟ್ಟವರ ಮೇಲೆ, ನಕ್ಕವರ ಮೇಲೆ. ಆ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮೇಲೆಯೇ ಸಿಟ್ಟಾದೆ. ಮಗಳನ್ನು ನೋಡಿ ಯಾರೂ ನಗಬಾರದೆಂದು ಹುಟ್ಟಿದ ದಿನದಿಂದ ಅವಳೊಡನೆ ಬೆಂಗಳೂರು ಕನ್ನಡವನ್ನೇ ಆಡಿದ್ದೆ. ಅಜ್ಜಿಯ ಮಾತು ಅವಳ ಕಿವಿಗೆ ಹಾಸ್ಯವಾಗಿ ಕೇಳಿಸಿದರೆ ಅದರಲ್ಲಿ ಅರ್ಧ ಪಾಲು ನನ್ನದೇ. ಆ ಅರ್ಧಕ್ಕೆ ನಾನು ಹೊಣೆ. ಉಳಿದರ್ಧವನ್ನು ಮಾತ್ರ ನನ್ನ ತಲೆಗೆ ಕಟ್ಟಿಕೊಳ್ಳಲು ನಾನು ತಯಾರಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೂ ನನ್ನ ಮಾತಿಗೆ ನಕ್ಕಿರದಿದ್ದರೆ ನಾನು ಅದನ್ನು ಬಿಡುತ್ತಲೇ ಇರಲಿಲ್ಲ.

ಬ್ಯಾಂಕ್ ಮೇಡಂ ಈಗ ಏಳು ಗಂಟೆಗೆ ವಾಕಿಂಗಿಗೆ ಬರುತ್ತಾರೆ. ಟೀಚರ್ ಮುಂದೆ ಸೀರೀಸಿನ ವಿಷಯ ಎತ್ತಬೇಡಿ ಎಂದು ಬೀದಿಯಲ್ಲಿ ಹೇಳಿದ್ದಾರಂತೆ. ಓನರ್ ಆಂಟಿ ಹಾಗಲ್ಲ, ನನ್ನ ಜೊತೆಗೇ ನಡೆಯುತ್ತಾರೆ. ಹದಿನೈದು ದಿನ ಬಿಟ್ಟು ಅವರಿಂದ ಇನ್ನೊಂದು ಸೀರೀಸಿನ ಶಿಫಾರಸು ಬಂತು, ಕೆಳಗೆ ಒಂದು ಸಾಲು: "ಇದ್ರಲ್ಲಿ ನಿಮ್ಮ ಭಾಷೆ ಇಲ್ಲ. ಧೈರ್ಯವಾಗಿ ನೋಡಿ."

ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ನನಗೆ ಮಾತ್ರ ಮೊದಲಿನ ಸೀರೀಸಿಗಿಂತ ಇದೇ ಹೆಚ್ಚು ಚುಚ್ಚಿತು. ನಮ್ಮ ಮಾತು ಇಲ್ಲದಿರಲಿ ಎಂದು ನಾನು ಕೇಳಿದ್ದೆನೇ? ಇರಲಿ ಎಂದೇ ಕೇಳಿದ್ದು. ಇನ್‌ಸ್ಪೆಕ್ಟರನ ಬಾಯಲ್ಲೂ ಇರಲಿ, ಜಡ್ಜಿನ ಬಾಯಲ್ಲೂ ಇರಲಿ, ಗಣಿತದ ಟೀಚರಿನ ಬಾಯಲ್ಲೂ ಇರಲಿ. ಮರುದಿನ ನಡೆಯುವಾಗ ಆಂಟಿಗೆ ಇದನ್ನು ಹೇಳಿದೆ. ಅವರು ಕೇಳಿಸಿಕೊಂಡು, "ಹಂಗಂತೀರಾ," ಎಂದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮನೆಯಲ್ಲಿ ಮಗಳೊಡನೆ ಈಗ ನಮ್ಮ ಮಾತನ್ನೇ ಆಡುತ್ತೇನೆ. ಅವಳು ಬೆಂಗಳೂರು ಕನ್ನಡದಲ್ಲೇ ಉತ್ತರ ಕೊಡುತ್ತಾಳೆ. ಗೊತ್ತಿಲ್ಲದ ಮಾತು ಬಂದರೆ ಹಾಗಂದರೇನು ಎಂದು ಕೇಳುತ್ತಾಳೆ. ಕೆಲವು ಮಾತುಗಳು ನನಗೂ ಮರೆತುಹೋಗಿವೆ, ಅವ್ವನಿಗೆ ಫೋನ್ ಮಾಡಿ ಕೇಳಬೇಕಾಗುತ್ತದೆ.

ಹೋದ ವಾರ ಪಾರ್ಕಿನಲ್ಲಿ ಹೊಸದಾಗಿ ಬಡಾವಣೆಗೆ ಬಂದ ಒಬ್ಬರು ನಮ್ಮ ಜೊತೆ ಸೇರಿದರು. ಮಾತಿಗೆ ಮಾತು ಬಂದು, ಆ ಸೀರೀಸಿನ ಎರಡನೇ ಸೀಸನ್ ಬರ್ತಿದೆಯಂತೆ, ಮೊದಲನೆಯದು ನೋಡಬಹುದಾ ಎಂದು ಕೇಳಿದರು. ಓನರ್ ಆಂಟಿ ನನ್ನ ಮುಖ ನೋಡಿದರು.

"ನೋಡಬ್ಯಾಡ್ರಿ," ಎಂದೆ. ಯಾಕೆಂದು ಅವರು ಕೇಳಿದರು. ಎರಡು ಸುತ್ತು ಮುಗಿಯುವವರೆಗೆ ಒಂದೊಂದಾಗಿ ಹೇಳಿದೆ. ಅವರು ನಡುನಡುವೆ ತಲೆಯಾಡಿಸಿದರು. ಮನೆಗೆ ಹೋಗಿ ನೋಡಿದರೋ ಬಿಟ್ಟರೋ, ನಾನು ಕೇಳಿಲ್ಲ.