ಈನಿಡ್ ಸೋವರ್ಬಿಯ ಪಾಯಿಂಟುಗಳು

ಈನಿಡ್ ಸೋವರ್ಬಿ ರಸ್ತೆಯ ನಡುವೆ ಬಂದು ನಿಂತಳೆಂದರೆ ಕಲ್ಲು ತುಂಬಿದ ಲಾರಿಯೂ ಬಾಲ ಮುದುರಿಕೊಂಡು ನಿಲ್ಲಬೇಕು. ಥಾರ್ನ್‌ಬೆಕ್ ಊರಿನ ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಮಾಡಿ ಮಾಡಿ ಅವಳಿಗೆ ಆ ಗತ್ತು ಬಂದುಬಿಟ್ಟಿತ್ತು. ಹಳದಿ ಕೋಟು, ತುದಿಯಲ್ಲಿ ದುಂಡು ಹಲಗೆ ಇರುವ ಉದ್ದನೆಯ ಕೋಲು, ಆ ಕೋಲನ್ನು ಎತ್ತಿ ಹಿಡಿದ ಎಡಗೈ. ಅವಳದು ಎಲ್ಲವೂ ಎಡಗೈಯೇ. ಬರೆಯುವುದು, ಬ್ರೆಡ್ಡು ಕುಯ್ಯುವುದು, ಬಾಗಿಲಿಗೆ ಬಂದ ಬೇಡದವರನ್ನು ಆಚೆ ಕಳಿಸುವುದು. ಒಮ್ಮೆ ಮೇಯರ್ ಸಾಹೇಬರ ಕಾರು ಅವಸರದಿಂದ ಹಾರ್ನ್ ಹಾಕಿತೆಂದು, ಕೊನೆಯ ಮಗು ನಡುರಸ್ತೆಯಲ್ಲಿ ಕೂತು ಬೂಟಿನ ದಾರ ಕಟ್ಟಿಕೊಳ್ಳುವವರೆಗೂ ಕೋಲು ಇಳಿಸದೆ ನಿಂತಿದ್ದಳು. ಇಂಥ ಹೆಂಗಸನ್ನು ಎದುರು ಹಾಕಿಕೊಳ್ಳುವ ಧೈರ್ಯ ಊರಲ್ಲಿ ಒಬ್ಬನಿಗೆ ಮಾತ್ರ ಇತ್ತು. ಅವನು ಅವಳ ತಮ್ಮ ನಾರಿಸ್.

ಅಕ್ಕ ತಮ್ಮ ಇಬ್ಬರಿಗೂ ಮಾದರಿ ರೈಲಿನ ಹುಚ್ಚು. ಆಟದ ರೈಲು ಎಂದು ಅವರ ಮುಂದೆ ಅಂದೀರಿ, ಜೋಕೆ! ಚಿಕ್ಕಂದಿನಲ್ಲಿ ಅಡುಗೆಮನೆಯ ನೆಲದ ಮೇಲೆ ಕೀಲಿ ಕೊಡುವ ತಗಡಿನ ರೈಲು ಬಿಡುತ್ತಿದ್ದಾಗಲೇ ಕೆಲಸ ಹಂಚಿಹೋಗಿತ್ತು. ಅವನು ಓಡಿಸುವವನು, ಅವಳು ಪಾಯಿಂಟು ಹಾಕುವವಳು. ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗವೇ ಪಾಯಿಂಟು. ಅದನ್ನು ಇತ್ತ ಸರಿಸಿದರೆ ರೈಲು ಪ್ಲಾಟ್‌ಫಾರಮ್ಮಿಗೆ, ಅತ್ತ ಸರಿಸಿದರೆ ಕಲ್ಲಿದ್ದಲಿನ ಅಂಗಳಕ್ಕೆ. ಸರಿಸಿದ ಮೇಲೆ ಈನಿಡ್ "ದಾರಿ ಸರಿ!" ಎಂದು ಕೂಗಬೇಕು, ಕೂಗಿದ ಮೇಲೆಯೇ ನಾರಿಸ್ ಇಂಜಿನ್ನು ಹೊರಡಿಸಬೇಕು. ಅವಳು ಮದುವೆಯಾಗಿ, ಗಂಡನನ್ನು ಮಣ್ಣು ಮಾಡಿ, ಅವನು ಮಾಂಸದಂಗಡಿ ತೆಗೆದು, ಮುಚ್ಚಿ, ಇಬ್ಬರ ತಲೆಯೂ ನರೆತ ಮೇಲೂ ಈ ಪದ್ಧತಿ ಬದಲಾಗಲಿಲ್ಲ. ಪ್ರದರ್ಶನಗಳಲ್ಲಿ ಅರ್ಧ ಜನ ರೈಲು ನೋಡಲು ನಿಂತರೆ ಇನ್ನರ್ಧ ಇವರಿಬ್ಬರ ಕಿತ್ತಾಟ ಕೇಳಲು ನಿಲ್ಲುತ್ತಿದ್ದರು.

ಹಾಗಿರುವಾಗ ನಾರಿಸ್‌ಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಹೋದವು. ಬಾಯಿಗೆ ಮಾತ್ರ ಏನೂ ಆಗಲಿಲ್ಲ, ಅದು ಮೊದಲಿಗಿಂತ ಚುರುಕಾಯಿತು. ಆಸ್ಪತ್ರೆಯಿಂದ ಗಾಲಿಕುರ್ಚಿಯಲ್ಲಿ ಬಂದ. ನಮ್ಮ ಮಾದರಿ ರೈಲಿನ ಕ್ಲಬ್ಬಿನಲ್ಲಿ ಓಡಿಸುವವರು ನಿಲ್ಲುವುದು ಹಳಿ ಹಾಸಿದ ದೊಡ್ಡ ಹಲಗೆಯ ಹಿಂದೆ, ಗೋಡೆಗೂ ಹಲಗೆಗೂ ನಡುವಿನ ಇಕ್ಕಟ್ಟಿನಲ್ಲಿ. ಅಲ್ಲಿ ಹೊಟ್ಟೆ ಬಂದವರೇ ಉಸಿರು ಬಿಗಿಹಿಡಿದು ನುಸುಳಬೇಕು, ಗಾಲಿಕುರ್ಚಿ ಎಲ್ಲಿಂದ ಹೋದೀತು? ಕ್ಲಬ್ಬಿನಲ್ಲಿ ಯಾರೋ ಪಾಪದವರು, ನಿನಗಾಗಿ ಏನಾದರೂ ಏರ್ಪಾಡು ಮಾಡೋಣ ಎಂದದ್ದೇ ತಡ, ನಾರಿಸ್ ಸಿಡಿದುಬಿದ್ದ.

"ನನಗೋಸ್ಕರ ಅಂತ ಯಾರಾದ್ರೂ ಒಂದು ಮೊಳೆ ಹೊಡೆದ್ರೂ ಆ ರೈಲಿನ ಹತ್ರ ನಾನು ಸುಳಿಯಲ್ಲ. ಕನಿಕರ ಉಕ್ತಾ ಇದ್ರೆ ಹೋಗಿ ನಾಯಿಮರಿ ಸಾಕ್ಕೊಳ್ಳಿ!"

ಅಂದಿನಿಂದ ಅವನು ಮಂಗಳವಾರದ ಸಂಜೆ ಕ್ಲಬ್ಬಿಗೆ ಬರುತ್ತಿದ್ದ, ಹೀಟರಿನ ಪಕ್ಕ ಕೂತು ಚಹಾ ಕುಡಿಯುತ್ತಿದ್ದ, ಎಲ್ಲರ ಕೆಲಸದಲ್ಲೂ ಹುಳುಕು ಹುಡುಕುತ್ತಿದ್ದ, ತೂಕಡಿಸುತ್ತಿದ್ದ. ಹಿತ್ತಾಳೆ ತಗಡು ಕತ್ತರಿಸಿ ಅವನೇ ಕಟ್ಟಿದ ನಾಲ್ಕು ಚಕ್ರದ ಪುಟಾಣಿ ಇಂಜಿನ್ನು, ಟಪೆನ್ಸ್ ಎಂದು ಅದರ ಹೆಸರು, ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಹೊದ್ದು ಮಲಗಿಬಿಟ್ಟಿತು. ಆ ಡಬ್ಬಿ ಕಂಡಾಗಲೆಲ್ಲ ಈನಿಡ್ ಅದರ ಧೂಳು ಒರೆಸಿಡುತ್ತಿದ್ದಳು. ಕ್ಲಬ್ಬು ಹೊಸ ಸ್ಟೇಷನ್ ಕಟ್ಟಲು ಹೊರಟಾಗ ಅವಳು ಮನಸ್ಸಿನಲ್ಲೇ ತೀರ್ಮಾನ ಮಾಡಿದಳು. ಇದರ ಮೊದಲ ಪ್ರದರ್ಶನದಲ್ಲಿ ಟಪೆನ್ಸ್ ಓಡಬೇಕು, ನಾರಿಸ್‌ನ ಕೈಯಲ್ಲೇ ಓಡಬೇಕು, ಯಾರ ಹಂಗೂ ಇಲ್ಲದೆ ಅವನೊಬ್ಬನೇ ಓಡಿಸುವಂತಾಗಬೇಕು. ಅದು ಅವನಿಗಾಗಿ ಮಾಡಿದ್ದು ಎಂಬುದು ಅವನಿಗೆ ಗೊತ್ತಾಗಕೂಡದು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಅವಳಿಗೆ ಬರಲೇ ಇಲ್ಲ. ಅನುಮಾನಪಡುವ ಜಾತಿಯೇ ಅಲ್ಲ ಅವಳದು.

ಹಳಿ ಯಾವುದು, ಪಾಯಿಂಟು ಸರಿಸುವುದು ಹೇಗೆ ಎಂದು ತೀರ್ಮಾನಿಸಲು ಸಭೆ ಸೇರಿತು. ಕ್ಲೈವ್ ಹೋಲ್‌ರಾಯ್ಡ್ ಎದ್ದು ನಿಂತ. ಕರೆಂಟಿನ ಕೆಲಸ ಮಾಡಿ ನಿವೃತ್ತನಾದವನು, ಒಳ್ಳೆಯ ಮನುಷ್ಯ, ಮಿಣಮಿಣ ದೀಪ ಕಂಡರೆ ಮಾತ್ರ ಮೈಮರೆಯುತ್ತಾನೆ.

"ಹಿಂದುಗಡೆ ಒಂದು ಫಲಕ. ಒಂದೊಂದು ಪಾಯಿಂಟಿಗೂ ಒಂದು ಗುಂಡಿ, ಕೆಂಪು ದೀಪ, ಹಸಿರು ದೀಪ. ಒತ್ತಿದ್ರೆ ಕೆಳಗಿರೋ ಮೋಟಾರು ಟಕ್ ಅಂತ ಸರಿಸುತ್ತೆ. ಹಳಿ ಅಂಗಡೀಲಿ ಸಿಗೋದೇ ತರೋಣ, ಪ್ಲಾಸ್ಟಿಕ್ ಕಪ್ಪೆದು. ಸುಲಭ."

ಪಾಯಿಂಟಿನಲ್ಲಿ ಒಂದು ಹಳಿ ಇನ್ನೊಂದನ್ನು ದಾಟುವ ಮೂಲೆ ಇರುತ್ತದಲ್ಲ, ಅದಕ್ಕೆ ಕಪ್ಪೆ ಎನ್ನುತ್ತಾರೆ. ಯಾಕೆ ಹಾಗೆನ್ನುತ್ತಾರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಈ ಇಂಜಿನ್ನುಗಳಿಗೆ ಕರೆಂಟು ಬರುವುದು ಹಳಿಯಿಂದ. ಕಪ್ಪೆ ಪ್ಲಾಸ್ಟಿಕ್ಕಿನದಾದರೆ ಅಷ್ಟು ಜಾಗದಲ್ಲಿ ಕರೆಂಟು ಇಲ್ಲ. ದೊಡ್ಡ ಇಂಜಿನ್ನು ಉಳಿದ ಚಕ್ರಗಳ ಬಲದಲ್ಲಿ ದಾಟಿಕೊಳ್ಳುತ್ತದೆ, ಟಪೆನ್ಸಿನಂಥ ಗಿಡ್ಡ ಇಂಜಿನ್ನು ಅಲ್ಲೇ ಕಕ್ಕಾಬಿಕ್ಕಿಯಾಗಿ ನಿಲ್ಲುತ್ತದೆ.

"ಸಣ್ಣ ಇಂಜಿನ್ನು ನಿಂತ್ರೆ ಏನ್ಮಾಡ್ತೀಯ ಕ್ಲೈವ್?" ಎಂದಳು ಈನಿಡ್.

"ಬೆರಳಲ್ಲಿ ಒಂದು ತಳ್ಳು."

"ಅದೇ, ಆಕಾಶದಿಂದ ಇಳಿಯೋ ಕೈ! ಹೋದ ಸಲ ಸ್ಟೇಷನ್ ಮೇಲೆ ನಿನ್ನ ಕೈ ಇಳಿದಾಗ ಒಂದು ಮಗು ಕಿಟಾರನೆ ಕಿರುಚಿ ಅಪ್ಪನ ಕಾಲು ತಬ್ಬಿಕೊಳ್ತು. ರೈಲು ನೋಡೋಕೆ ಬಂದ ಮಗು ಮಾರಾಯ, ರಾಕ್ಷಸನ್ನ ನೋಡೋಕಲ್ಲ."

ಎಲ್ಲರೂ ನಕ್ಕರು. ಈನಿಡ್‌ನ ತಲೆಯಲ್ಲಿದ್ದ ಲೆಕ್ಕ ಬೇರೆ. ಕುರ್ಚಿಯಲ್ಲಿ ಕೂತವನ ಕೈ ಅಷ್ಟು ದೂರ ಹೋಗುವುದಿಲ್ಲ. ಇಂಜಿನ್ನು ನಿಲ್ಲಲೇಬಾರದು, ಆದ್ದರಿಂದ ಕಪ್ಪೆ ಲೋಹದ್ದೇ ಆಗಬೇಕು. ಲೋಹದ ಕಪ್ಪೆಯೇ ಹಾಕೋಣ ಎಂದಳು. ಆದರೆ ಲೋಹದ ಕಪ್ಪೆಯಲ್ಲಿ ಒಂದು ತಂಟೆ ಇದೆ. ಪಾಯಿಂಟು ಸರಿದಾಗಲೆಲ್ಲ ಅದರ ಕರೆಂಟೂ ಬದಲಾಗಬೇಕು, ಇಲ್ಲದಿದ್ದರೆ ಇಡೀ ಸ್ಟೇಷನ್ ಸತ್ತಂತೆ.

"ಆ ಕಪ್ಪೆಯ ಕರೆಂಟನ್ನ ಸಲಸಲಕ್ಕೂ ಬದಲಾಯಿಸೋದು ಯಾರು, ನಿಮ್ಮಜ್ಜಿನಾ?" ಎಂದ ಕ್ಲೈವ್.

"ಸೈಕಲ್ ಕಡ್ಡಿ. ಹಲಗೆ ಅಡಿಯಲ್ಲಿ ಕೊಳವೆ, ಕೊಳವೆ ಒಳಗೆ ಸೈಕಲ್ ಕಡ್ಡಿ, ಈಚೆ ತುದೀಲಿ, ಮುಂದುಗಡೆ ಕೆಳಗೆ, ಎಳೆಯೋಕೆ ಒಂದು ಹಿಡಿ. ಎಳೆದ್ರೆ ಪಾಯಿಂಟು ಸರಿಯುತ್ತೆ, ಅದೇ ಕಡ್ಡಿ ಒಂದು ಸ್ವಿಚ್ಚನ್ನೂ ತಳ್ಳುತ್ತೆ. ಒಂದೇ ಎಳೆತಕ್ಕೆ ಎರಡು ಕೆಲಸ. ನಿನ್ನ ಮೋಟಾರು ಪ್ರದರ್ಶನದ ಮಧ್ಯೆ ಕೆಟ್ರೆ ಹಲಗೆ ಅಡಿ ಅಂಗಾತ ಮಲಗಬೇಕು. ಜನ ಸ್ಟೇಷನ್ ನೋಡ್ಬೇಕೋ ನಿನ್ನ ಚಡ್ಡಿ ನೋಡ್ಬೇಕೋ?"

"ಸರಿ, ಕಡ್ಡಿನೇ ಆಗ್ಲಿ. ಆದ್ರೆ ಹಿಡಿ ಮುಂದುಗಡೆ ಯಾಕೆ? ಅದೂ ಇಷ್ಟು ಕೆಳಗೆ? ಯಾರು, ಕುಳ್ಳರು ಓಡಿಸ್ತಾರಾ?"

"ಮುಂದೆ ಕೂತು ಓಡಿಸಿದ್ರೆ ಬಂದವರ ಹತ್ರ ಮಾತಾಡ್ಬಹುದು. ಮತ್ತೆ ನನ್ನ ಮಂಡಿ ನೋವು. ದಿನವಿಡೀ ನಿಂತು ನಿಂತು ಸವೆದಿರೋದು ನನ್ನ ಮಂಡಿ, ನಿನ್ನದಲ್ಲ."

ಹೀಟರಿನ ಪಕ್ಕದಿಂದ ನಾರಿಸ್‌ನ ದನಿ ಬಂತು. "ಅವಳ ಮಂಡಿಗೇನು ರೋಗ? ಮೊನ್ನೆ ಬಸ್ಸಿನ ಹಿಂದೆ ಜಿಂಕೆ ಥರ ಓಡ್ತಾ ಇದ್ಲು."

ಈನಿಡ್ ಗಕ್ಕನೆ ಅವನತ್ತ ತಿರುಗಿದಳು. "ಓಡಿದ್ದಕ್ಕೇ ಕಣೋ ನೋವು! ನೀನು ಚಹಾ ಕುಡಿ," ಎಂದು ಗದರಿದಳು. ಕೊನೆಗೆ ಸಿಗ್ನಲ್ಲುಗಳಿಗೆಲ್ಲ ದೀಪ ಹಾಕುವ ಕೆಲಸ ಪೂರ್ತಿ ಕ್ಲೈವ್‌ನದೇ ಎಂದು ಒಪ್ಪಿಕೊಂಡಳು. ಅವನ ಮುಖ ಅರಳಿತು, ಸಭೆಯಲ್ಲಿ ಒಪ್ಪಿಗೆಯ ಕೈಗಳೆದ್ದವು, ಲೋಹದ ಕಪ್ಪೆಯೂ ಸೈಕಲ್ ಕಡ್ಡಿಯೂ ಗೆದ್ದವು.

ಆ ಚಳಿಗಾಲವೆಲ್ಲ ಈನಿಡ್ ಆ ಕೆಲಸದಲ್ಲಿ ಮುಳುಗಿಬಿಟ್ಟಳು. ನಾರಿಸ್ ಹೀಟರಿನ ಪಕ್ಕ ಗೊರಕೆ ಹೊಡೆಯುವಾಗ ಟೇಪು ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಗಾಲಿಕುರ್ಚಿಯ ಎತ್ತರ, ಅಗಲ ಅಳೆದುಕೊಂಡು ಬಂದಳು. ನಕ್ಷೆ ಬರೆದಳು. ಹಳೆಯ ಬೀರುವಿನ ಖಾನೆಗಳಿಂದ ಹಿತ್ತಾಳೆಯ ಹಿಡಿಗಳನ್ನು ಬಿಚ್ಚಿ ತಂದಳು. ವೇಗದ ಗುಂಡಿ ನಡುವೆ, ಪಾಯಿಂಟಿನ ಹಿಡಿಗಳೆಲ್ಲ ಅದರ ಬಲಗಡೆ ಸಾಲಾಗಿ, ನಾರಿಸ್‌ನ ಒಳ್ಳೆಯ ಕೈಗೆ ಸಿಗುವ ಹಾಗೆ. ಎಲ್ಲ ಜೋಡಿಸಿದ ಮೇಲೆ ಮುಂದೆ ಸ್ಟೂಲು ಹಾಕಿ ಕೂತು ಒಂದೊಂದನ್ನೇ ಎಳೆದು ನೋಡಿದಳು. ಕೈ ತಾನಾಗಿ ಹೋಗುತ್ತಿತ್ತು, ಬೆಣ್ಣೆಯಂತೆ ಸರಿಯುತ್ತಿತ್ತು. ಭಲೇ ಈನಿಡ್ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು.

ಪ್ರದರ್ಶನ ನಡೆದದ್ದು ಶಾಲೆಯ ಆಟದ ಹಾಲಿನಲ್ಲಿ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಒದ್ದೆ ಕೋಟುಗಳ ವಾಸನೆ, ಕರಿದ ಬೇಕನ್ನಿನ ಘಮ. ನಾರಿಸ್ ಬಂದ. "ನಾನು ಬಂದಿರೋದು ಬೇಕನ್ ಬನ್ನಿಗೆ, ರೈಲಿಗಲ್ಲ," ಎಂದು ಬಾಗಿಲಲ್ಲೇ ಸಾರಿದ. ಈನಿಡ್ ಅವನ ಮನೆಯ ಕಪಾಟಿನಿಂದ ಎತ್ತಿಕೊಂಡು ಬಂದಿದ್ದ ಬಿಸ್ಕತ್ತಿನ ಡಬ್ಬಿ ತೆರೆದು ಟಪೆನ್ಸನ್ನು ಹಳಿಯ ಮೇಲಿಟ್ಟಳು. ಓಡಿಸಲು ಬೇಕೆಂದೇ ಕ್ಲೈವ್‌ನನ್ನು ಕೂರಿಸಿದಳು. ಕ್ಲೈವ್ ರೈಲು ಓಡಿಸುವ ಚಂದ ಊರಿಗೇ ಗೊತ್ತು. ಗುಂಡಿ ತಿರುಗಿಸಿದ್ದೇ ಟಪೆನ್ಸ್ ಪಟಾಕಿ ಸಿಡಿದಂತೆ ಚಿಮ್ಮಿತು.

ನಾರಿಸ್‌ನ ಬಾಯಿಗೆ ಹೋಗುತ್ತಿದ್ದ ಬನ್ನು ಅರ್ಧದಲ್ಲೇ ನಿಂತಿತು.

"ಏ ಕ್ಲೈವ್! ಅದು ಕಲ್ಲಿದ್ದಲು ಎಳೆಯೋ ಇಂಜಿನ್ನು ಕಣೋ, ಬೆಂಕಿ ಆರಿಸೋ ಗಾಡಿಯಲ್ಲ! ನಿಧಾನ... ಅಯ್ಯೋ ನಿಧಾನ ಅಂದ್ರೆ! ಏಳು, ಏಳೋ ಮೇಲೆ, ಕೊಲ್ತಿದೀಯ ನನ್ನ ಇಂಜಿನ್ನನ್ನ!"

ಬನ್ನು ಮಡಿಲಿಗೆ ಹಾಕಿ, ಒಂದೇ ಕೈ ಒಂದೇ ಕಾಲಲ್ಲಿ ಕುರ್ಚಿ ದೂಡಿಕೊಂಡು ಬಂದೇಬಿಟ್ಟ. ಕ್ಲೈವ್ ಜಾಗ ಬಿಟ್ಟ. ಗಾಲಿಕುರ್ಚಿ ಹಲಗೆಯ ಅಡಿಗೆ ಸಲೀಸಾಗಿ ನುಗ್ಗಿತು, ಎಲ್ಲಿಯೂ ತಗಲಲಿಲ್ಲ. ನಾರಿಸ್ ತನ್ನ ಮಂಡಿ ನೋಡಿದ, ಹಲಗೆ ನೋಡಿದ, ಅಕ್ಕನನ್ನು ನೋಡಿದ. ಈನಿಡ್ ಚಾವಣಿಯ ದೀಪ ನೋಡುತ್ತಿದ್ದಳು. ಅವನು ಬಲಗೈಯಲ್ಲಿ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದ. ಟಪೆನ್ಸ್ ಮುದುಕನೊಬ್ಬ ಸಂತೆಗೆ ಹೊರಟಂತೆ ತಣ್ಣಗೆ ಹೊರಟಿತು. ನೋಡುತ್ತಿದ್ದವರು ಹತ್ತಿರ ಸರಿದರು. ಕ್ಲೈವ್ ಕೂಡ ಬಾಯಿ ಬಿಟ್ಟುಕೊಂಡು ನೋಡಿದ.

ಇನ್ನು ಕಲ್ಲಿದ್ದಲಿನ ಅಂಗಳಕ್ಕೆ ತಿರುಗಬೇಕು. ನಾರಿಸ್ ಇಂಜಿನ್ನು ನಿಲ್ಲಿಸಿ ಪಾಯಿಂಟಿನ ಹಿಡಿಗೆ ಕೈ ಹಾಕಲು ನೋಡಿದ. ಬಲಗಡೆ ಬರೀ ಹಲಗೆ. ಹಿಡಿಗಳೆಲ್ಲ ಎಡಗಡೆಯ ತುದಿಯಲ್ಲಿ ಸಾಲಾಗಿ ಮಿರಮಿರ ಮಿಂಚುತ್ತಿದ್ದವು. ಅವನ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬಲಗೈಯನ್ನು ಅಡ್ಡ ಚಾಚಿದ. ಕುರ್ಚಿಯ ತೋಳು ತಡೆಯಿತು, ಬೆರಳಿಗೂ ಹಿಡಿಗೂ ನಡುವೆ ಗೇಣುದ್ದ ಉಳಿದೇ ಹೋಯಿತು.

ಈನಿಡ್‌ಗೆ ಆಗ ಹೊಳೆಯಿತು. ನಕ್ಷೆ ಬರೆಯುವಾಗ ಅವಳು ನಿಂತದ್ದು ಹಲಗೆಯ ಹಿಂದೆ! ಜೀವಮಾನವೆಲ್ಲ ಹಿಂದೆ ನಿಂತೇ ರೈಲು ನೋಡಿದವರಿಗೆ ಕಾಗದವೂ ಹಿಂದಿನಿಂದಲೇ ಕಾಣುತ್ತದೆ. ಹಿಂದೆ ನಿಂತವಳ ಬಲ ಎಂದರೆ ಮುಂದೆ ಕೂತವನ ಎಡ. ಎಳೆದು ನೋಡಿದಾಗಲಾದರೂ ತಿಳಿಯಬೇಡವೇ? ಅವಳದು ಎಡಗೈ, ತಾನಾಗಿ ಹೋಗದೆ ಇನ್ನೇನು ಮಾಡೀತು? ಲಾರಿಗಳನ್ನು ನಿಲ್ಲಿಸುವ ಹೆಂಗಸು ಅಷ್ಟು ಜನರ ಮುಂದೆ ಕೆಂಪಗಾಗಿ ನಿಂತಳು.

"ಏನೇ ಇದು?" ಎಂದ ನಾರಿಸ್.

"ತಪ್ಪಾಗೋಯ್ತು ಕಣೋ. ನಾನೆಂಥ ಕತ್ತೆ! ಎಲ್ಲಾ ನಿನ್ನ ಬಲಗೈಗೆ ಸಿಗಲಿ, ನೀನೊಬ್ಬನೇ ಓಡಿಸೋ ಹಾಗಿರಲಿ ಅಂತ ಇಷ್ಟೆಲ್ಲಾ..." ಎಂದವಳು ತಟ್ಟನೆ ತುಟಿ ಕಚ್ಚಿಕೊಂಡಳು. ಆಡಿದ್ದಾಗಿತ್ತು. ಇವನು ಈಗ ಕುರ್ಚಿ ತಿರುಗಿಸಿಕೊಂಡು ಹೊರಟೇ ಹೋಗುತ್ತಾನೆ, ಟಪೆನ್ಸ್ ಮತ್ತೆ ಡಬ್ಬಿ ಸೇರುತ್ತದೆ ಎಂದುಕೊಂಡಳು.

"ನಂಗೊತ್ತಿಲ್ಲ ಅಂದ್ಕೊಂಡ್ಯಾ?" ಎಂದ ನಾರಿಸ್. "ಮಂಡಿ ನೋವಂತೆ, ಮಂಡಿ! ಟೇಪು ಹಿಡ್ಕೊಂಡು ನನ್ನ ಕುರ್ಚಿ ಸುತ್ತ ತೆವಳ್ತಾ ಇದ್ದಾಗ ನಾನೇನು ಸತ್ತಿದ್ನಾ? ಗೊರಕೆ ನಿಲ್ಲಿಸಿದ್ರೆ ನೀನು ಓಡಿಹೋಗ್ತೀಯ ಅಂತ ಹೊಡೀತಾನೇ ಇದ್ದೆ."

"ಗೊತ್ತಿದ್ದೂ ಸುಮ್ಮನಿದ್ಯಾ? ಆವತ್ತು ಹಾಗೆ ಹಾರಾಡಿದ್ದೆ?"

"ಹಾರಾಡಿದ್ದೆ, ಹೌದು. ಈಗ ಹೇಳ್ತೀನಿ ಕೇಳು. ಈ ಹಾಳು ಹಿಡಿಯೆಲ್ಲ ನನ್ನ ಕೈಗೇ ಕೊಟ್ಟು ನೀನು ಆಚೆ ನಿಂತ್ಕೋತೀಯ ಅಂತಲೇ ನಂಗೆ ಹೆದರಿಕೆಯಿದ್ದದ್ದು. ಒಬ್ಬನೇ ರೈಲು ಬಿಡೋಕಾದ್ರೆ ಮನೆ ಮೇಜಿನ ಮೇಲೆ ಬಿಡ್ತಿರಲಿಲ್ವಾ? ಇಷ್ಟು ದಿನ ಡಬ್ಬಿ ಯಾಕೆ ತೆಗೀಲಿಲ್ಲ ಅಂತ ಒಂದು ಸಲನಾದ್ರೂ ಕೇಳಿದ್ಯಾ, ದಡ್ಡಿ?" ಅವನು ಬಲಗೈ ಚಾಚಿ ಕುರ್ಚಿಯ ಎಡಪಕ್ಕ ತೋರಿಸಿದ. "ಬಾ ಈ ಕಡೆ. ಎಡಗಡೆ ನಿಂತ್ಕೋ. ಅಲ್ಲಿ ನಂಗೆ ಕೈ ಇಲ್ಲ."

ಈನಿಡ್ ಬಂದು ಅವನ ಎಡಕ್ಕೆ ನಿಂತಳು. ಅವಳ ಎಡಗೈ ತಾನಾಗಿ ಹಿಡಿಯ ಮೇಲೆ ಹೋಯಿತು. ಎಳೆದಳು. ಕಡ್ಡಿ ಸರಿಯಿತು, ಪಾಯಿಂಟು ಕೂತಿತು, ಕೆಳಗೆ ಸ್ವಿಚ್ಚು ಟಿಕ್ಕೆಂದಿತು. ನಾರಿಸ್ ಗುಂಡಿಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದ.

"ಏನು ಕಾಯ್ತಿದೀಯ?" ಎಂದಳು.

"ನೀನು ಹೇಳ್ಬೇಕಲ್ಲ."

ಈನಿಡ್ ಬಾಯಿ ತೆರೆದಳು. ಕಣ್ಣು ತುಂಬಿ ಸ್ಟೇಷನ್ನೇ ಮಸುಕಾಗಿಹೋಯಿತು. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು, ಉಸಿರು ಎಳೆದುಕೊಂಡಳು, ಆಮೇಲೆ ಕೂಗಿದ ಕೂಗಿಗೆ ಬನ್ನು ಮಾರುತ್ತಿದ್ದವರು ಕೂಡ ತಿರುಗಿ ನೋಡಿದರು.

"ದಾರಿ ಸರಿ!"

ಟಪೆನ್ಸ್ ಹೊರಟಿತು. ಕಪ್ಪೆಯ ಮೇಲೆ ಚಕ್ರ ಇಟ್ಟಿತು, ನಿಲ್ಲಲಿಲ್ಲ.