ನಾಲ್ಕನೆಯ ಪ್ರತಿ

ಜರ್ಮನಿಯ ಉಲ್ಮ್ ಊರಾಚೆಯ ನಮ್ಮ ಬಿಯರ್ ಕಾರ್ಖಾನೆಯಲ್ಲಿ ವಾಲ್ಬುರ್ಗಾ ಹೇಬರ್ಲೆ, ನಮ್ಮೆಲ್ಲರ ವಾಲಿಯಕ್ಕ, ಇಪ್ಪತ್ತೆರಡು ವರ್ಷ ಮಾಡಿದ್ದು ಒಂದೇ ಕೆಲಸ: ಲಾರಿಗಳಿಗೆ ಸರಕಿನ ಚೀಟಿ ಮುದ್ರಿಸುವುದು. ಅವಳ ಪ್ರಿಂಟರು ಬಟ್ಟೆ ಬೀರುವಿನಷ್ಟು ದೊಡ್ಡದು. ಒಂದೊಂದೇ ಅಕ್ಷರ ಕುಟ್ಟುತ್ತ ಕೂರುವ ಜಾತಿಯಲ್ಲ. ಪುಟದ ಅಗಲಕ್ಕೂ ಪುಟ್ಟ ಸುತ್ತಿಗೆಗಳು, ಅವು ಅತ್ತಿತ್ತ ಜೀಕಿದರೆ ಸಾಲಿಗೆ ಸಾಲೇ ಮೂಡುತ್ತಿತ್ತು. ಕಾರ್ಬನ್ ಪ್ರತಿಗಳಂತೆ ಒಂದರ ಬೆನ್ನಿಗೊಂದು ಅಂಟಿದ ನಾಲ್ಕು ಹಾಳೆಗೂ ಏಟು ಇಳಿಯಬೇಕು. ಯಾರಾದರೂ ಮೇಲಿನ ಹಾಳೆ ಹೊಗಳಿದರೆ ವಾಲಿಯಕ್ಕ ನಗುತ್ತಿದ್ದಳು.

"ಮೇಲಿಂದು ಎಲ್ರದ್ದೂ ಚೆನ್ನಾಗೇ ಇರುತ್ತೆ. ನಾಲ್ಕನೇದು ತೋರ್ಸು."

ತೊಂಬತ್ತನಾಲ್ಕರಲ್ಲಿ ಹೊಸ ಮುಖ್ಯಸ್ಥರು ಬಂದರು, ಗೆಬ್‌ಹಾರ್ಡ್ ಸ್ವೀಸೆಲೆ. 'ಡಾಕ್ಟರ್' ಸೇರಿಸದೆ ಕರೆದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಜೊತೆಗೊಂದು ಸದ್ದಿಲ್ಲದ ಲೇಸರ್ ಪ್ರಿಂಟರನ್ನೂ ತಂದಿದ್ದರು.

"ಹೇಬರ್ಲೆಯವರೇ, ಈ ಗಲಾಟೆ ಮಾಡೋ ಬೀರು ಗುಜರಿಗೆ. ನೀವು ಕ್ಯಾಂಟೀನಿಗೆ."

"ಪಂದ್ಯ ಆಗ್ಲಿ ಡಾಕ್ಟರ್ ಸಾಹೇಬ್ರೇ. ಇಬ್ರಿಗೂ ಒಂದೊಂದು ಲಾರಿ, ಮೂವತ್ತು ಅಂಗಡಿ ಚೀಟಿ. ಯಾರ ಲಾರಿ ಮೊದ್ಲು ಗೇಟು ದಾಟುತ್ತೋ ಅವ್ರು ಗೆದ್ದಂಗೆ. ನಾನು ಗೆದ್ರೆ ಬೀರು ಇಲ್ಲೇ ಉಳೀಬೇಕು. ಸೋತ್ರೆ ಮಾರನೇ ದಿನಾನೇ ಕ್ಯಾಂಟೀನಲ್ಲಿ ಆಲೂಗಡ್ಡೆ ಸುಲೀತೀನಿ."

ಸೋಮವಾರ ಹತ್ತು ಗಂಟೆಗೆ ಇಡೀ ಕಾರ್ಖಾನೆ ಅಲ್ಲಿತ್ತು. ಸಾಗಣೆಯ ಉಸ್ತುವಾರಿಯಾಗಿ ನಾನು ನನ್ನ ಎಂದಿನ ಕೆಲಸ ಮಾಡಿದೆ, ಅಂದರೆ ಕೈಕಟ್ಟಿ ನಿಂತೆ. ಸೀಟಿ ಊದಿದ್ದೇ ಅಕ್ಕನ ಬೀರು ಜೇನುಗೂಡಿಗೆ ಕಲ್ಲು ಬಿದ್ದಂತೆ ಮೊರೆಯಿತು. ನೆಲ ನಡುಗಿತು, ಕಾಗದ ಜಲಪಾತದಂತೆ ಇಳಿಯಿತು! ಹನ್ನೆರಡು, ಹದಿಮೂರು... ಅಷ್ಟರಲ್ಲಿ ಡಾಕ್ಟರು ಫೋಟೋಗೆಂದು ಅವಳ ಕಾಗದದ ಡಬ್ಬದ ಮೇಲೆ ಬೂಟುಗಾಲಿಟ್ಟು ನಿಂತರು. ಡಬ್ಬ ಸರಿಯಿತು. ಕಾಗದದಂಚಿನ ತೂತುಗಳು ಪ್ರಿಂಟರಿನ ಹಲ್ಲುಗಳಿಂದ ಜಾರಿ ಕಾಗದ ಮುದ್ದೆಯಾಯಿತು.

"ಅಯ್ಯೋ, ಹೋಯ್ತು!" ಎಂದೆ.

"ಬಾಯ್ಮುಚ್ಚು, ಮುಚ್ಚಳ ಹಿಡ್ಕೋ," ಎಂದಳು ಅಕ್ಕ. ಹರಿದಳು, ಕೂರಿಸಿದಳು, ಮೊದಲು ನಾಲ್ಕನೆಯ ಹಾಳೆ ನೋಡಿದಳು, ಮತ್ತೆ ಗುಂಡಿ ಒತ್ತಿದಳು. ಲೇಸರು ಆಗಲೇ ನೂರಿಪ್ಪತ್ತು ಬಿಡಿ ಹಾಳೆ ಮುಗಿಸಿತ್ತು. ಡಾಕ್ಟರು ಕೈಕುಲುಕಿಸಿಕೊಳ್ಳುತ್ತ ಓಡಾಡಿದರು.

ಆದರೆ ನಮ್ಮ ಗೇಟಿನವನಿಗೆ ಪ್ರತಿ ಚೀಟಿಯ ನಾಲ್ಕೂ ಪ್ರತಿಯಲ್ಲಿ ಚಾಲಕನ ಸಹಿ ಬೇಕು. ಡಾಕ್ಟರ ಚಾಲಕ ವೂರ್ಸ್ಟರ್ ನಲವತ್ತನೇ ಸಹಿಗೆ ಕೈ ಕೊಡವಿದ.

"ನಾನು ಲಾರಿ ಓಡ್ಸೋಕೆ ಬಂದೋನು ಸ್ವಾಮಿ! ಹಸ್ತಾಕ್ಷರ ಹಂಚೋಕೆ ನಾನೇನು ಫುಟ್‌ಬಾಲ್ ಆಟಗಾರನಾ?"

ಅಕ್ಕನ ಚೀಟಿಗಳು ಆಗಷ್ಟೇ ಮುಗಿದವು. ಅವಳ ಚಾಲಕ ಒಂದೊಂದು ಕಟ್ಟಿನ ಮೇಲೆ ಒಂದೇ ಸಲ ಒತ್ತಿ ಬರೆದ, ನಾಲ್ಕಕ್ಕೂ ಇಳಿಯಿತು. ಎಂಬತ್ತು, ಎಂಬತ್ತೊಂದು ಎಂದು ವೂರ್ಸ್ಟರ್ ನರಳುತ್ತಿದ್ದಂತೆ ಅಕ್ಕನ ಲಾರಿ ಹಾರನ್ ಬಾರಿಸುತ್ತ ಗೇಟು ದಾಟಿಯೇಬಿಟ್ಟಿತು! ನಾನು ಟೋಪಿ ಎಸೆದೆ. ಅದು ಇಂದಿಗೂ ಮಾಡಿನ ಮೇಲಿದೆ.

ಮರುದಿನ ಬೀರು ಉಳಿಯಲಿ ಎಂಬ ಆದೇಶವನ್ನು ಅಕ್ಕನೇ ನಾಲ್ಕು ಪ್ರತಿ ಮುದ್ರಿಸಿ ಒಯ್ದಳು. ಡಾಕ್ಟರು ಚಿನ್ನದ ಮೊನೆಯ ಶಾಯಿ ಪೆನ್ನಿನಿಂದ ಕಾಗದಕ್ಕೆ ನೋವಾಗದಂತೆ ಉದ್ದದ ಸಹಿ ಎಳೆದರು. ಅಕ್ಕ ನಾಲ್ಕನೆಯ ಹಾಳೆ ಎತ್ತಿ ನೋಡಿದಳು. ಸಹಿಯ ಜಾಗ ಖಾಲಿ.

"ಮೇಲೇ ನಿಂತ್ಬಿಟ್ಟಿದೆ, ಡಾಕ್ಟರ್ ಸಾಹೇಬ್ರೇ," ಎಂದು ತುದಿ ಕಚ್ಚಿದ ತನ್ನ ಬಾಲ್‌ಪೆನ್ನು ಚಾಚಿದಳು. "ಇದ್ರಲ್ಲಿ, ಸ್ವಲ್ಪ ಒತ್ತಿ."

ಒತ್ತಿದರು. ನಾಲ್ಕನೆಯದನ್ನು ಅಕ್ಕ ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು.